ಬಾರದ ಪಾರ್ಟು

ರಸ್ಸೆಲ್ ತನ್ನ ಬೈಕನ್ನು ಟ್ರೇಲರಿಗೆ ಹೇರಿಕೊಂಡು ನನ್ನ ಗ್ಯಾರೇಜಿಗೆ ಬಂದ ದಿನ ನಾನು ಅವನನ್ನು ಮನಸಾರೆ ಗೇಲಿ ಮಾಡಿದ್ದೆ.

"ಏನೋ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ? ನಿನ್ನ ಮಹಾರಾಣೀನ ಬೇರೆಯವರ ಕೈಗೆ ಕೊಡ್ತಿದ್ದೀಯಲ್ಲ!"

"ಬಾಯಿ ಮುಚ್ಕೊಂಡು ನೋಡೋ ನೆವಿಲ್. ದಮ್ಮೇ ಇಲ್ಲ ಅದಕ್ಕೆ. ಏರು ಹತ್ತೋವಾಗ ಮುದುಕನ ಥರ ಕೆಮ್ಮುತ್ತೆ."

ಗೇಲಿ ಮಾಡಲು ಕಾರಣವಿತ್ತು. ಭೂಮಿಯ ದಕ್ಷಿಣ ತುದಿಯ ಸೌತ್‌ಲ್ಯಾಂಡಿನ ನಮ್ಮ ಗುಡ್ಡಗಳಲ್ಲಿ ಕುರಿ ಸಾಕುವವನಿಗೆ ಈ ನಾಲ್ಕು ಗಾಲಿಯ ಬೈಕು ಅಂದರೆ ಎರಡು ಕಾಲು ಇದ್ದ ಹಾಗೆ. ಬೇಲಿ ನೋಡಲು, ಮೇವು ಹಾಕಲು, ಸೆಪ್ಟೆಂಬರಿನ ಚಳಿಮಳೆಯಲ್ಲಿ ಈಯುವ ಕುರಿಗಳ ನಡುವೆ ದಿನಕ್ಕೆ ನಾಲ್ಕು ಸಲ ಸುತ್ತಲು ಅದೇ ಬೇಕು. ಆದರೂ ಅದನ್ನು ನೋಡಿಕೊಳ್ಳುವವರು ಕಡಿಮೆ. ಬ್ರೇಕಿನ ಡ್ರಮ್ಮಿನೊಳಗೆ ಕೆಸರು ಗಟ್ಟಿಯಾಗಿರುತ್ತದೆ, ಆಯಿಲ್ ಡಾಂಬರಾಗಿರುತ್ತದೆ. ಕೇಳಿದರೆ "ಓಡ್ತಿತ್ತಲ್ಲ ಮಾರಾಯ, ನೆನ್ನೆ ತನಕ" ಅನ್ನುತ್ತಾರೆ. ಅವರ ಅಸಡ್ಡೆಯಿಂದಲೇ ನನ್ನ ಗ್ಯಾರೇಜು ನಡೆಯುವುದು.

ರಸ್ಸೆಲ್ ಹಾಗಲ್ಲ. ಪ್ರತಿ ಶನಿವಾರ ಬೈಕು ತೊಳೆದು ಒರೆಸಿ, ಗ್ರೀಸ್ ತುಂಬುವ ಒಂದೊಂದು ಮೂತಿಗೂ ಗ್ರೀಸ್ ತುಂಬಿ, ನಾಲ್ಕೂ ಟೈರಿನ ಗಾಳಿ ಅಳೆದು, ಮಾಡಿದ್ದನ್ನು ಶೆಡ್ಡಿನ ಹಲಗೆಗೋಡೆಯ ಮೇಲೆ ತಾರೀಖು ಸಮೇತ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದ. ಹದಿನಾಲ್ಕು ವರ್ಷದಲ್ಲಿ ಆ ಬೈಕು ಎರಡನೇ ಸಲ ಸ್ಟಾರ್ಟಿನ ಗುಂಡಿ ಒತ್ತಿಸಿಕೊಂಡಿದ್ದೇ ಇಲ್ಲ. ನನ್ನಲ್ಲಿಗೆ ಬರುತ್ತಿದ್ದುದು ಫಿಲ್ಟರು, ಬ್ರೇಕ್ ಶೂ, ಆಯಿಲ್ ಕೊಳ್ಳಲು ಮಾತ್ರ. "ನೀನು ನನಗೆ ಬರೀ ಅಂಗಡಿಯವನು ಕಣೋ, ಮೆಕ್ಯಾನಿಕ್ ಅಂತ ಜಂಬ ಪಡಬೇಡ" ಅನ್ನುತ್ತಿದ್ದ. ಐದನೇ ವಯಸ್ಸಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ನಾವು. ಐವತ್ತೇಳು ವರ್ಷ ಹೀಗೇ ಒಬ್ಬರನ್ನೊಬ್ಬರು ಕೆಣಕಿಕೊಂಡೇ ಬಂದಿದ್ದೆವು.

ಅವತ್ತು ಸೀಟು ಎತ್ತಿ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದೆ. ಒಳಗೆ ಏನೂ ಇರಲಿಲ್ಲ. ಫಿಲ್ಟರೇ ಇಲ್ಲದೆ ಇಂಜಿನ್ನು ವಾರಗಟ್ಟಲೆ ಧೂಳು ಕುಡಿದಿತ್ತು.

"ಯಾರು ತೆಗೆದ್ರು ಇದನ್ನ?" ಅಂದ ರಸ್ಸೆಲ್.

"ನೀನೇ ತಾನೆ ತೊಳೆಯೋನು?"

ಅವನು ಖಾಲಿ ಡಬ್ಬಿಯನ್ನೇ ನೋಡುತ್ತ ನಿಂತ. ಆಮೇಲೆ ನಕ್ಕ. "ಇಲಿ ಎಳ್ಕೊಂಡು ಹೋಗಿರ್ಬೇಕು."

ಸಂಜೆ ಅವನ ಹೆಂಡತಿ ಜೀನೆಟ್ ಫೋನ್ ಮಾಡಿದಳು. ತೊಳೆದ ಫಿಲ್ಟರು ಬಟ್ಟೆ ಒಣಗಿಸುವ ತಂತಿಯ ಮೇಲೆ, ಅವಳ ಏಪ್ರನ್ನುಗಳ ಪಕ್ಕದಲ್ಲಿ, ಕ್ಲಿಪ್ಪು ಹಾಕಿಸಿಕೊಂಡು ತೂಗಾಡುತ್ತಿತ್ತಂತೆ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದು ನಾವು ಮೂವರೂ ಸೇರಿ ನಕ್ಕ ಕೊನೆಯ ಸಲ.

ಜನವರಿಯ ಬೇಸಿಗೆಯಲ್ಲಿ ಇಳಿಜಾರಿನಲ್ಲಿ ಬರುವಾಗ ಹಿಂದಿನ ಗಾಲಿ ಕಳಚಿ, ಅವನಿಗಿಂತ ಮುಂದೆ ಉರುಳಿಕೊಂಡು ಹೋಯಿತು. ನಟ್ಟುಗಳನ್ನು ಬೆರಳಲ್ಲಿ ತಿರುಗಿಸಿ ಹಾಗೇ ಬಿಟ್ಟಿದ್ದ. ಜಿಗಿದು ಪಾರಾದ. "ಯಾವನೋ ನನ್ನ ಶೆಡ್ಡಿಗೆ ಬಂದು ಕೈಯಾಡಿಸ್ತಿದ್ದಾನೆ" ಎಂದು ಶೆಡ್ಡಿಗೆ ಬೀಗ ಹಾಕಿಸಿದ. ಬೀಗದ ಕೈ ಅವನ ಜೇಬಿನಲ್ಲೇ ಇರುತ್ತಿತ್ತು. ಸೆಪ್ಟೆಂಬರಿನಲ್ಲಿ, ಕುರಿಗಳು ಈಯುವ ಭರಾಟೆಯ ನಡುವೆ, ಇಂಜಿನ್ನು ಜಾಮ್ ಆಯಿತು. ಬಿಚ್ಚಿ ನೋಡಿದರೆ ಒಂದು ಹನಿ ಆಯಿಲ್ ಇಲ್ಲ. ಹಳೇದನ್ನು ಇಳಿಸಿ, ಹೊಸದನ್ನು ಸುರಿಯುವುದನ್ನೇ ಮರೆತಿದ್ದ. ಹೊಸ ಆಯಿಲಿನ ಡಬ್ಬ ಸೀಲ್ ಕೂಡ ಒಡೆಯದೆ ಬೆಂಚಿನ ಮೇಲಿತ್ತು. ಗೋಡೆಯ ಮೇಲೆ ಮಾತ್ರ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಆಯಿಲ್ ಬದಲಾಯಿಸಿದೆ.

ಮರುದಿನ ಜೀನೆಟ್ ಒಬ್ಬಳೇ ಗ್ಯಾರೇಜಿಗೆ ಬಂದಳು. ಟವೆಲಿನಲ್ಲಿ ಸುತ್ತಿದ ಬಿಸಿ ಚೀಸ್ ರೋಲನ್ನು ಬೆಂಚಿನ ಮೇಲಿಟ್ಟು ನಿಂತೇ ಇದ್ದಳು.

"ನೆವಿಲ್, ನಿಜ ಹೇಳು. ಬೈಕು ಹಳೇದಾಯ್ತಾ? ಮಾರಿಬಿಡೋಣ್ವಾ?"

ನಾನು ಕೈ ಒರೆಸಿಕೊಂಡೆ. ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡೆ. "ಬೈಕಿನದೇನೂ ತಪ್ಪಿಲ್ಲ ಜೀನೆಟ್."

ಅವಳು ತಲೆಯಾಡಿಸಿದಳು. ಅವಳಿಗೆ ಗೊತ್ತಿತ್ತು, ಇನ್ನೊಬ್ಬರ ಬಾಯಲ್ಲಿ ಕೇಳಬೇಕಿತ್ತು ಅಷ್ಟೇ. "ಮೊನ್ನೆ ಅವರಮ್ಮನಿಗೆ ಊಟ ಕೊಟ್ಯಾ ಅಂತ ಕೇಳಿದ" ಅಂದಳು. "ಅವರಮ್ಮ ಹೋಗಿ ಇಪ್ಪತ್ತು ವರ್ಷ ಆಯ್ತಲ್ಲ."

ಇನ್ವರ್‌ಕಾರ್ಗಿಲ್ ಪೇಟೆಯ ಡಾಕ್ಟರು ಆ ಕಾಯಿಲೆಗೆ ಹೆಸರು ಹೇಳಿ, ಇನ್ನು ಮೇಲೆ ಬೈಕು ಓಡಿಸಬಾರದು ಎಂದರು. ದಾರಿಯುದ್ದಕ್ಕೂ ಹೂಂ ಅಂದ ರಸ್ಸೆಲ್, ಮನೆಗೆ ಬಂದು ಟೋಪಿ ಹಾಕಿಕೊಂಡು, ನಾನು ಇಂಜಿನ್ನು ಸರಿಮಾಡಿಕೊಟ್ಟಿದ್ದ ಬೈಕಿನ ಹತ್ತಿರ ಹೋದ. ಕೀಲಿ ಬಚ್ಚಿಟ್ಟರೆ ಮನೆಯನ್ನೆಲ್ಲ ಬುಡಮೇಲು ಮಾಡುತ್ತಿದ್ದ. ಜೀವಮಾನದಲ್ಲಿ ಹೆಂಡತಿಗೆ ದನಿಯೇರಿಸದವನು ಒಂದು ದಿನ ಅವಳ ತೋಳು ಹಿಡಿದು ಜಗ್ಗಿದ. ಮಾರನೇ ದಿನ ಆ ನೀಲಿಗಟ್ಟಿದ ಜಾಗ ನೋಡಿ, "ಯಾರು ಹಿಂಗೆ ಮಾಡಿದ್ದು ನಿನಗೆ?" ಎಂದು ಕೇಳಿದನಂತೆ.

ನಮ್ಮ ಕಡೆ ಚಳಿಗಾಲವಾದ ಜೂನಿನಲ್ಲಿ, ಒಂದು ದಿನ ಬೆಳಗ್ಗೆ ಹೊರಟವನು ಮಧ್ಯಾಹ್ನವಾದರೂ ಬರಲಿಲ್ಲ. ನಾನೂ ಪಕ್ಕದ ಫಾರಂನವರೂ ಹುಡುಕಿದೆವು. ಮೇಲಿನ ಕೊನೆಯ ಬೇಲಿಯ ಹತ್ತಿರ, ಹಿಮ ಬೆರೆತ ಮಳೆಯಲ್ಲಿ, ಪೆಟ್ರೋಲು ಮುಗಿದ ಬೈಕಿನ ಮೇಲೆ ನೆಟ್ಟಗೆ ಕೂತಿದ್ದ. ಅವನ ಕುರಿ ಕಾಯುವ ನಾಯಿ ಹಿಂದಿನ ಕ್ಯಾರಿಯರಿನಿಂದ ಇಳಿದು ಅವನ ಕಾಲಿಗೆ ಒತ್ತಿಕೊಂಡಿತ್ತು. ಅವನ ತುಟಿ ನೀಲಿಯಾಗಿತ್ತು. ನನ್ನನ್ನು ನೋಡಿ, "ಗೇಟು ಎಲ್ಲಿ ಹೋಯ್ತೋ ನೆವಿಲ್? ಇಲ್ಲೇ ಇತ್ತಲ್ಲ" ಅಂದ. ಅಲ್ಲಿ ಯಾವ ಕಾಲಕ್ಕೂ ಗೇಟಿರಲಿಲ್ಲ.

ಎರಡು ದಿನ ಕಳೆದು ಜೀನೆಟ್ ಕೇಳಿದಳು. "ಅದನ್ನ ಕೆಡಿಸಿಬಿಡು. ಅವನಿಗೆ ಸರಿಮಾಡೋಕೆ ಆಗದ ಹಾಗೆ. ನಾನು ಬೇಡ ಅಂದ್ರೆ ನಾನು ಶತ್ರು. ಬೈಕೇ ಕೆಟ್ರೆ ಯಾರ ಮೇಲೂ ಸಿಟ್ಟಿಲ್ಲ."

ಭಾನುವಾರ ಅವರಿಬ್ಬರೂ ಚರ್ಚಿಗೆ ಹೋಗಿದ್ದಾಗ ಜೀನೆಟ್ ಅವನ ಜೇಬಿನಿಂದ ತೆಗೆದು ನನಗಾಗಿ ಇಟ್ಟಿದ್ದ ಬೀಗದ ಕೈ ಹಿಡಿದು, ನಾನು ಕಳ್ಳನ ಹಾಗೆ ಆ ಶೆಡ್ಡಿಗೆ ಹೋದೆ. ಫ್ಯೂಸು ತೆಗೆದರೆ ಸಾಲದು, ಎರಡು ನಿಮಿಷದಲ್ಲಿ ಪತ್ತೆ ಹಚ್ಚುತ್ತಾನೆ. ಇಂಜಿನ್ನಿಗೆ ಕಿಡಿ ಕೊಡುವ ಚಿಕ್ಕ ಕಪ್ಪು ಡಬ್ಬಿಯೊಂದು ಸೀಟಿನ ಕೆಳಗಿರುತ್ತದೆ. ಅದಿಲ್ಲದೆ ಯಾರಪ್ಪ ಬಂದರೂ ಸ್ಟಾರ್ಟ್ ಆಗದು. ಅದನ್ನು ಕಳಚಿ ಕೋಟಿನ ಜೇಬಿಗೆ ಹಾಕಿಕೊಂಡೆ.

ಸೋಮವಾರ ಫೋನ್ ಬಂತು. "ಬಾರೋ, ಸ್ಟಾರ್ಟ್ ಆಗ್ತಿಲ್ಲ."

ಹೋದಾಗ ಅವನು ಮಂಡಿಯೂರಿ ಕೂತಿದ್ದ. ಪಕ್ಕದಲ್ಲಿ ಗೋಣಿಚೀಲದ ಮೇಲೆ ಸ್ಪ್ಯಾನರುಗಳು ಸಾಲಾಗಿ. ಪ್ಲಗ್ಗು ಬಿಚ್ಚಿ ನೋಡಿದ್ದ, ಪೆಟ್ರೋಲು ಬರುತ್ತಿದೆಯೇ ನೋಡಿದ್ದ, ಬ್ಯಾಟರಿ ನೋಡಿದ್ದ, ಫ್ಯೂಸು ನೋಡಿದ್ದ. ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಅಮ್ಮ ಸತ್ತಿದ್ದನ್ನು ಮರೆತ ತಲೆಯಲ್ಲಿ ಇದೆಲ್ಲ ಇನ್ನೂ ಜೋಡಿಸಿಟ್ಟ ಹಾಗೇ ಇತ್ತು.

"ಇಲ್ಲಿ ನೋಡು" ಅಂದ, ಬಿಡಿಯಾಗಿ ನೇತಾಡುತ್ತಿದ್ದ ವೈರನ್ನು ಬೆರಳಲ್ಲಿ ಎತ್ತಿ. "ಇಲ್ಲೊಂದು ಕಪ್ಪು ಡಬ್ಬಿ ಇತ್ತು. ಯಾರೋ ತೆಗೆದಿದ್ದಾರೆ."

ಡಬ್ಬಿ ನನ್ನ ಜೇಬಿನಲ್ಲೇ ಇತ್ತು. ನಾನೆಂದೆ: "ಅದು ಸುಟ್ಟು ಹೋಗಿತ್ತಲ್ಲೋ. ಹೋದ ವಾರ ನಾನೇ ತೆಗೆದೆ, ನೀನೂ ಪಕ್ಕದಲ್ಲೇ ಇದ್ದೆ. ಮರೆತ್ಯಾ? ಹೊಸದು ಜಪಾನಿಂದ ಬರ್ಬೇಕು."

ಅವನು ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಿದ. ಆ ಕಣ್ಣಿನಲ್ಲಿ ಹಳೆಯ ರಸ್ಸೆಲ್ ಬಾಗಿಲ ತನಕ ಬಂದು ನಿಂತ ಹಾಗಾಯಿತು. ಆಮೇಲೆ ಅವನು ಕಣ್ಣು ತಗ್ಗಿಸಿದ.

"ಹೌದಾ? ಹೌದೇನೋ. ಮರೆತಿರ್ಬೇಕು." ಸ್ಪ್ಯಾನರುಗಳನ್ನು ಒಂದೊಂದಾಗಿ ಎತ್ತಿಡಲು ಶುರುಮಾಡಿದ. "ಈಚೆಗೆ ಒಂದೊಂದು ಸಲ ಹಂಗಾಗುತ್ತೆ ಕಣೋ."

ಯಾರೋ ತೆಗೆದಿದ್ದಾರೆ ಅಂದನಲ್ಲ, ಒಂದು ವರ್ಷದಲ್ಲಿ ಅವನು ಪೂರ್ತಿ ಸರಿಯಾಗಿ ಹೇಳಿದ ಮಾತು ಅದೊಂದೇ. ಅದನ್ನೇ ನಾನು ಸುಳ್ಳು ಮಾಡಿದೆ. ಅವನ ಮರೆವನ್ನೇ ಅವನ ಮೇಲೆ ತಿರುಗಿಸಿದೆ. ಕಾರು ಹತ್ತಿ ಸೇತುವೆ ದಾಟುವ ತನಕ ಹೇಗೋ ಬಂದೆ; ಆಮೇಲೆ ಪಕ್ಕಕ್ಕೆ ನಿಲ್ಲಿಸಿ ಸ್ಟಿಯರಿಂಗಿಗೆ ತಲೆಯಿಟ್ಟು ಅತ್ತೆ.

ಅಂದಿನಿಂದ ದಿನವೂ ಫೋನ್. "ಪಾರ್ಟು ಬಂತಾ?" "ಇನ್ನೂ ಇಲ್ಲ." "ಹಡಗಲ್ಲಿ ಬರ್ತಿದೆಯೋ, ಈಜ್ಕೊಂಡು ಬರ್ತಿದೆಯೋ?" ಮೊದಮೊದಲು ತಮಾಷೆ ಮಾಡುತ್ತಿದ್ದ. ತಿಂಗಳು ಕಳೆದಂತೆ ತಮಾಷೆ ನಿಂತಿತು. "ನೀನು ತರಿಸ್ತಿಲ್ಲ" ಎಂದು ಕಿರುಚಿ ಫೋನಿಡುತ್ತಿದ್ದ. ಮರುದಿನ ಮತ್ತೆ ಮೊದಲಿನಿಂದ: "ಪಾರ್ಟು ಬಂತಾ?" ಫೋನ್ ಮಾಡಿದ್ದು ಮರೆಯುತ್ತಿದ್ದ, ಪಾರ್ಟು ಬರಬೇಕಾದ್ದು ಮಾತ್ರ ಮರೆಯಲಿಲ್ಲ. ಜೀನೆಟ್ ಹೇಳುತ್ತಿದ್ದಳು, ಶನಿವಾರ ತಪ್ಪದೆ ಶೆಡ್ಡಿಗೆ ಹೋಗಿ ಓಡದ ಬೈಕನ್ನು ತೊಳೆದು ಒರೆಸಿ ಗ್ರೀಸ್ ಹಾಕಿ ಬರುತ್ತಾನೆ ಎಂದು.

ಮುಂದಿನ ವರ್ಷ ಫೆಬ್ರವರಿಯಲ್ಲಿ ಜೀನೆಟ್ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಗ್ಯಾರೇಜಿಗೆ ಬಂದಳು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ನನ್ನ ಮುಂದೆ ನಿಂತ.

"ನಮಸ್ಕಾರ. ನೀವು ಬೈಕು ರಿಪೇರಿ ಮಾಡ್ತೀರಂತಲ್ಲ?"

ಐವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವನು ನನ್ನನ್ನು 'ನೀವು' ಅಂದ. ನಾನು ಹೂಂ ಅಂದೆ.

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಈ ಊರಲ್ಲಿ ನೆವಿಲ್ ಅಂತ ಒಬ್ಬನಿದ್ದಾನೆ. ನಿಮಗೆ ಪರಿಚಯ ಇರಬಹುದು. ಅವನ ಹತ್ರ ಮಾತ್ರ ಹೋಗ್ಬೇಡಿ. ಒಂದೇ ಬೆಂಚಲ್ಲಿ ಕೂತು ಓದಿದ್ವಿ ನಾವು. ಅಂಥವನು ನನ್ನ ಬೈಕಿನ ಪಾರ್ಟು ಕದ್ದು, ಜಪಾನು ಅಂತ ಕಥೆ ಹೇಳ್ತಾನೆ. ನೀವು ಒಳ್ಳೆಯವರ ಹಾಗೆ ಕಾಣ್ತೀರಿ. ಒಂದು ಸಲ ಬಂದು ನೋಡ್ತೀರಾ?"

"ರಸ್ಸೆಲ್, ಇವನೇ—" ಎಂದು ಜೀನೆಟ್ ಬಾಯಿ ತೆಗೆದಳು. ಬೇಡ ಎಂದು ಕಣ್ಣಿನಲ್ಲೇ ಹೇಳಿದೆ.

"ಬರ್ತೀನಿ. ಈಗಲೇ ಬರ್ತೀನಿ" ಅಂದೆ.

ಡ್ರಾಯರಿನಿಂದ ಡಬ್ಬಿ ತೆಗೆದುಕೊಂಡು ಅವರ ಹಿಂದೆಯೇ ಹೋದೆ. ಅವನು ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಂತೆ ಅದನ್ನು ಕೂರಿಸಿದೆ. ಗುಂಡಿ ಒತ್ತಿದೆ. ಒಂದೇ ಸಲಕ್ಕೆ ಇಂಜಿನ್ನು ಎದ್ದಿತು. ರಸ್ಸೆಲ್ ಎರಡೂ ಕೈ ಬಾಯಿಗೆ ಒತ್ತಿಕೊಂಡ. ಕಣ್ಣಿನಿಂದ ನೀರು ಸುರಿಯಿತು.

ಒಬ್ಬರೇ ಕೂರಬೇಕಾದ ಬೈಕಿನಲ್ಲಿ ಇಬ್ಬರು ಕೂತರೆ ನಾನೇ ಗಿರಾಕಿಗಳಿಗೆ ಉಗಿಯುತ್ತೇನೆ. ಆದರೂ ಅವತ್ತು ಅವನನ್ನು ಹಿಂದಿನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡೆ. ಮನೆಯ ಮುಂದಿನ ಸಪಾಟು ಹುಲ್ಲುಗಾವಲಿನಲ್ಲಿ ನಡಿಗೆಯ ವೇಗದಲ್ಲಿ ಮೂರು ಸುತ್ತು. ನಾಯಿ ಬೊಗಳುತ್ತ ಪಕ್ಕದಲ್ಲಿ ಓಡಿತು. ಅವನು ನನ್ನ ಸೊಂಟ ಹಿಡಿದು, ಗಲ್ಲವನ್ನು ನನ್ನ ಬೆನ್ನಿಗೆ ಒತ್ತಿ ಇಂಜಿನ್ನಿನ ಸದ್ದು ಕೇಳುತ್ತಿದ್ದ. ಒಮ್ಮೆ ಭುಜ ತಟ್ಟಿದ.

"ಮುಂದಿನ ಎಡಗಡೆ ಟೈರಲ್ಲಿ ಗಾಳಿ ಕಮ್ಮಿ ಇದೆ. ನೋಡ್ಕೊಳ್ಳಿ."

ಇಳಿದು ಅಳೆದೆ. ಕಮ್ಮಿ ಇತ್ತು.

"ನೀವು ಮಾಡಿಕೊಟ್ರಿ ಅಂತ ಆ ನೆವಿಲ್‌ಗೆ ಹೇಳ್ಬೇಡಿ" ಅಂದ, ಗುಟ್ಟಿನ ನಗು ನಕ್ಕು. "ಹೊಟ್ಟೆ ಉರ್ಕೊಂಡು ಸಾಯ್ತಾನೆ."

"ಹೇಳಲ್ಲ" ಅಂದೆ.

ಅವನು ಒಳಗೆ ಟೀ ಕುಡಿಯಲು ಕೂತಾಗ ನಾನು ಶೆಡ್ಡಿಗೆ ಹೋಗಿ ಡಬ್ಬಿಯನ್ನು ಮತ್ತೆ ಕಳಚಿಕೊಂಡೆ. ಜೀನೆಟ್ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು.

ಏಪ್ರಿಲಿನಲ್ಲಿ ಅವನನ್ನು ಪೇಟೆಯ ಆರೈಕೆ ಮನೆಗೆ ಸೇರಿಸಬೇಕಾಯಿತು. ಫಾರಂ ಪಕ್ಕದವರ ಕೈಗೆ ಹೋಯಿತು, ಬೈಕೂ ಅದರ ಜೊತೆಗೇ. ಭಾನುವಾರ ಭಾನುವಾರ ನಾನು ಹೋಗುತ್ತಿದ್ದೆ. ಹೆಸರಿಲ್ಲದ ಒಳ್ಳೆಯ ಮೆಕ್ಯಾನಿಕ್ ಆಗಿ ಅವನ ಪಕ್ಕ ಕೂತು, ನೀವು ನೀವು ಅನ್ನಿಸಿಕೊಂಡು ಬರುತ್ತಿದ್ದೆ. ನೆವಿಲನ ಸುದ್ದಿ ತೆಗೆದು ಬೈದಾಗ ಹೌದು ಹೌದು ಅನ್ನುತ್ತಿದ್ದೆ. ನಾನೇ ನೆವಿಲ್ ಎಂದು ಹೇಳಿಬಿಡಬೇಕು ಎಂದು ಪ್ರತಿ ವಾರ ಹೊರಡುತ್ತಿದ್ದೆ. ಹೇಳಿದರೆ ಅವನಿಗೆ ಉಳಿದಿದ್ದ ಈ ಒಬ್ಬ ಗೆಳೆಯನೂ ಹೋಗುತ್ತಾನಲ್ಲ ಎಂದು ಸುಮ್ಮನಾಗುತ್ತಿದ್ದೆ.

ಆಗಸ್ಟಿನಲ್ಲಿ, ನೆಲವೆಲ್ಲ ಬಿಳಿಯಾಗಿದ್ದ ಒಂದು ಬೆಳಗ್ಗೆ, ರಸ್ಸೆಲ್ ಹೋದ.

ಮಣ್ಣಿಗಿಟ್ಟ ಮೇಲೆ ಜನರೆಲ್ಲ ಚರ್ಚಿನ ಸಭಾಂಗಣದ ಕಡೆಗೆ ನಡೆದರು. ನಾನೂ ಜೀನೆಟ್ಟೂ ಹಿಂದೆ ಉಳಿದೆವು.

"ಕೊನೆ ವಾರ ಯಾರ ಹೆಸರೂ ಅವನ ಬಾಯಲ್ಲಿ ಬರಲಿಲ್ಲ" ಅಂದಳು. "ನನ್ನದೂ ಇಲ್ಲ. ನಿನ್ನದು ಮಾತ್ರ ಬಂತು."

"ಏನಂದ?"

ಅವಳು ಕೋಟಿನ ಗುಂಡಿ ಹಾಕಿಕೊಂಡಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಬೈದ. ಚೆನ್ನಾಗಿ ಬೈದ ನೆವಿಲ್. ಕಳ್ಳ ಅಂದ."

"ನಿಜಾನೇ ಅಂದಿದ್ದಾನೆ" ಅಂದೆ. ಜೀನೆಟ್ ನನ್ನ ಕೈಯನ್ನು ತನ್ನ ಕೋಟಿನ ಜೇಬಿಗೆ ಹಾಕಿಕೊಂಡು, ಅದು ಬೆಚ್ಚಗಾಗುವ ತನಕ ಹಿಡಿದುಕೊಂಡೇ ನಿಂತಳು.