ಆಟದ ಕುಳಿ

"ಆಟದ ಸಾಮಾನು ಮಾಡಕ್ಕೆ ಬೆಂಗ್ಳೂರ್ಗ್ಯಾಕ್ ಓಗ್ಬೇಕು? ಚನ್ನಪಟ್ಣನೇ ಅತ್ರ ಅಲ್ವಾ?" ಎಂದು ನಕ್ಕು ರವಿಚಂದ್ರ ಬೈಕು ತೊಳೆಯಲು ಅಂಗಳಕ್ಕೆ ಹೋದ. ಅವನ ಹೆಂಡತಿ ಪ್ರಿಯಾಂಕ ಅರ್ಧ ತುಂಬಿದ ಬ್ಯಾಗಿನ ಮುಂದೆ ಕೂತೇ ಇದ್ದಳು.

ಮದುವೆಯಾಗಿ ವೈದ್ಯನಾಥಪುರಕ್ಕೆ ಬಂದ ಹೊಸತರಲ್ಲಿ, ಏನು ಓದ್ತಿದ್ದೀಯಮ್ಮ ಎಂದವರಿಗೆಲ್ಲ 'ಟಾಯ್ ಮಾಡೆಲ್' ಎಂದುಬಿಟ್ಟಿದ್ದಳು. ಗಂಡ ಅದನ್ನು ಆಟದ ಸಾಮಾನು ಎಂದು ಕನ್ನಡ ಮಾಡಿದ. ಊರ ಬಾಯಿಗೆ ಬೀಗ ಹಾಕುವವರು ಯಾರು? ನಾದಿನಿ ತನ್ನ ಮಗುವಿಗೊಂದು ಕುದುರೆ ಮಾಡಿಕೊಡು ಎಂದಳು. ಹೇಳಿ ಹೇಳಿ ಸಾಕಾಗಿ, ಹೆದ್ದಾರಿ ಬದಿಯ ಅಂಗಡಿಯಲ್ಲಿ ಮರದ ಕುದುರೆ ಕೊಂಡು ಕೊಟ್ಟಳು. "ಸೊಸೆ ಕೈಕೆಲ್ಸ ಅಚ್ಚುಕಟ್ಟು" ಎಂದರು ಎಲ್ಲರೂ. ಆಮೇಲೆ ಬೇರೆ ಹೇಳಿದರೆ ನಂಬುವವರು ಯಾರು?

ಸೋಮವಾರದೊಳಗೆ ಬಂದು ಕೆಲಸಕ್ಕೆ ಕೂರದಿದ್ದರೆ ಪಿಎಚ್‌.ಡಿ. ನೋಂದಣಿ ರದ್ದು ಎಂದು ಬೆಂಗಳೂರಿನಿಂದ ಗೈಡ್ ಫೋನು ಮಾಡಿದ್ದರು. ಗಂಡನದು ಎರಡು ವರ್ಷದಿಂದ ಒಂದೇ ಮಾತು, "ಮುಂದಿನ್ ವರ್ಸ ನೋಡಣ."

ಅತ್ತೆ ಹೊಂಬಾಳಮ್ಮ ಸೊಪ್ಪಿನ ಮೊರ ಹಿಡಿದು ಬಂದು ಪಕ್ಕದಲ್ಲಿ ಕೂತರು. "ದಿಟ್ವಾಗ್ಲೂ ಏನಮ್ಮ ಅದು, ನೀನ್ ಮಾಡದು?"

ಈ ಮನೆಯಲ್ಲಿ ಯಾರೂ ಹೀಗೆ ಕೇಳಿರಲಿಲ್ಲ.

"ಆಕಾಶದಲ್ಲಿ ಕಪ್ಪು ಕುಳಿ ಅಂತ ಇರುತ್ತೆ ಅತ್ತೆ. ಒಳಗೆ ಬಿದ್ದದ್ದನ್ನ ಬಿಡಲ್ಲ, ಬೆಳಕನ್ನೂ ಬಿಡಲ್ಲ. ಆದ್ರೆ ಆ ಕುಳಿನೂ ಒಂಚೂರೊಂಚೂರೇ ಆವಿಯಾಗಿ ಹೋಗುತ್ತೆ. ನಿಜವಾದ ಕುಳಿಯ ಲೆಕ್ಕ ಕೈಗೆ ಹತ್ತಲ್ಲ. ಅದಕ್ಕೇ ಅಗಲ ಎತ್ತರ ಎಲ್ಲ ತೆಗೆದು, ಬರೀ ಉದ್ದ ಇರೋ ಒಂದು ಕುಳಿ ಅಂದ್ಕೊಂಡು ಲೆಕ್ಕ ಹಾಕ್ತೀವಿ. ಅದೇ ಟಾಯ್ ಮಾಡೆಲ್, ಆಟದ ಕುಳಿ."

"ಒಳಕ್ ಬಿದ್ದೋರ್ ಗತಿ?"

"ಬಿದ್ದದ್ದು ಆವಿ ಜೊತೆ ಆಚೆಗೆ ಬರುತ್ತೆ ಅಂತಾರೆ. ಮೊದಲರ್ಧ ಆವಿಯಲ್ಲಿ ಏನೂ ಗೊತ್ತಾಗಲ್ಲ. ಆಮೇಲೆ ಬರೋದ್ರಲ್ಲಿ ಒಳಗಿದ್ದದ್ದರ ಸುದ್ದಿ ಇರುತ್ತೆ, ಆದ್ರೆ ಗುರುತು ಸಿಗದಷ್ಟು ಕಲಸಿಹೋಗಿರುತ್ತೆ."

"ಗುರ್ತು ಸಿಗ್ದಿದ್ರೆ ಓಗ್ಲಿ. ಈಚೆಗ್ ಬರದಂತೂ ದಿಟ ತಾನೆ?"

"ನನ್ನ ಲೆಕ್ಕ ಇನ್ನೂ ಮುಗಿದಿಲ್ಲ ಅತ್ತೆ." ಅಷ್ಟು ಹೇಳುವಾಗ ಅವಳಿಗೆ ಅಳು ಬಂತು.

ಹೊಂಬಾಳಮ್ಮ ಒಮ್ಮೆ ಅಂಗಳದ ಕಡೆ ನೋಡಿದರು. ಎದ್ದು ಹೋಗಿ ಅಡುಗೆಮನೆಯಿಂದ ತರಕಾರಿ ಚೀಲ ತಂದು, ಲ್ಯಾಪ್‌ಟಾಪನ್ನು ಅದರೊಳಗಿಟ್ಟು, ಮೇಲೊಂದು ಟವಲು ಮುಚ್ಚಿದರು.

"ಬ್ಯಾಗ್ ಇಲ್ಲೇ ಬುಡು. ಬಟ್ಟೆ ಆಮ್ಯಾಕೆ ಕಳಿಸ್ತೀನಿ. ಲೆಕ್ಕ ಮುಗ್ಸೋಗು."

ಪ್ರಿಯಾಂಕ ಚೀಲ ಹಿಡಿದು ಅಂಗಳಕ್ಕೆ ಇಳಿದಳು.

"ಮದ್ದೂರ್ಗಾ?" ರವಿಚಂದ್ರ ತಲೆ ಎತ್ತದೆ ಚಕ್ರ ಉಜ್ಜುತ್ತಲೇ ಕೇಳಿದ. "ಬರೋವಾಗ ಎರಡ್ ಕಟ್ಟು ಕೊತ್ತಂಬ್ರಿ ತಕಂಡ್ ಬಾ."

"ಹೂಂ" ಎಂದಳು ಪ್ರಿಯಾಂಕ, ನಡಿಗೆ ನಿಲ್ಲಿಸದೆ.