ಹುಲಿ ಹತ್ತಿದ ಬಂಡೆ

ನಮ್ಮ ಚಿಕ್ಕಪ್ಪನ ಮಗನಿಗೆ ಮನೆಯಲ್ಲಿ ಹುಲಿ ಅಂತ ಹೆಸರು. ಇಟ್ಟವರು ಚಿಕ್ಕಮ್ಮ. ಜಿರಲೆ ಕಂಡರೆ ಮಂಚ ಹತ್ತುವ ಹುಲಿ ಲೋಕದಲ್ಲಿ ಇದೊಂದೇ ಇರಬೇಕು. ಆದರೆ ಹಾಗೆ ಬಾಯಿಬಿಟ್ಟು ಹೇಳಿದರೆ ನನಗೆ ಹೊಟ್ಟೆಕಿಚ್ಚು ಅಂತಾರೆ.

ಕಡಲ ಜೀವಿಗಳ ಬಗ್ಗೆ ಓದಲು ಇಬ್ಬರೂ ಒಂದೇ ದ್ವೀಪದ ಒಂದೇ ಕಾಲೇಜಿಗೆ ಬಂದೆವು. ಅಪ್ಪ ನನ್ನನ್ನು ಪರದೇಶಕ್ಕೆ ಕಳಿಸಿದ್ದೇ ಹುಲಿ ಜೊತೆಗಿರುತ್ತಾನೆ ಎಂಬ ಧೈರ್ಯದ ಮೇಲೆ. ಬಂದ ದಿನದಿಂದ ಆ ಹುಲಿಗೆ ಅನ್ನ ಬೇಯಿಸಿದ್ದು, ಸರಿಯಾದ ಬಸ್ಸು ಹತ್ತಿಸಿದ್ದು, ಕಳೆದ ಕೊಡೆ ಹುಡುಕಿಕೊಟ್ಟಿದ್ದು ನಾನು. ಅವನಿಗಿಂತ ಕೆಲವೇ ತಿಂಗಳು ದೊಡ್ಡವಳು. ಹಾಗಾಗಿ ಕಷ್ಟ ಬಂದಾಗ ‘ಅಕ್ಕ’, ಉಳಿದ ಹೊತ್ತೆಲ್ಲ ‘ಲೇ’.

ಹುಲಿಯ ಸಾಹಸಗಳು ಪ್ರತಿ ಭಾನುವಾರ ಮನೆಯ ವಾಟ್ಸಾಪ್ ಗುಂಪಿನಲ್ಲಿ ಬಿಡುಗಡೆಯಾಗುತ್ತಿದ್ದವು. ಜಲಪಾತ ಏರುತ್ತಿರುವ ಹುಲಿ, ಬಳ್ಳಿ ಹಿಡಿದು ನೇತಾಡುವ ಹುಲಿ, ಅಲೆಗೆ ಎದೆಯೊಡ್ಡಿದ ಹುಲಿ. ಎಲ್ಲದರಲ್ಲೂ ಮುಖ ಮೇಲೆತ್ತಿ ನಗು. ಇನ್ನೂ ಮೇಲೆ ನಿಂತು ಆ ಫೋಟೋ ತೆಗೆದವರು ಯಾರು ಅಂತ ನಮ್ಮ ಮನೆಯ ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಜಲಪಾತದ ನೆತ್ತಿಯ ಒದ್ದೆ ಕಲ್ಲಿನ ಮೇಲೆ ಬೋರಲು ಮಲಗಿ, “ಹೊಟ್ಟೆ ಒಳಗೆಳ್ಕೊಳ್ಳೋ” ಅಂತ ಕೂಗಿದವಳು ನಾನು. ಚಿಕ್ಕಮ್ಮ ಆ ಫೋಟೋಗೆ ಚಪ್ಪಾಳೆ ಕಳಿಸಿ, “ನೀನೂ ಸ್ವಲ್ಪ ಹೊರಗೆ ಓಡಾಡಮ್ಮ, ರೂಮಲ್ಲೇ ಕೂತು ಬಿಳಿಚ್ಕೊಂಡಿದೀಯಾ” ಅಂತ ನನಗೆ ಬುದ್ಧಿ ಹೇಳುತ್ತಿದ್ದರು.

ಹೀಗಿರುವಾಗ ನಮ್ಮ ಮೇಡಂ ನನ್ನನ್ನು ಕರೆದರು. ದೂರದ ಪುಟ್ಟ ದ್ವೀಪಗಳ ಸುತ್ತ ಹವಳದ ದಿಬ್ಬಗಳ ಸಮೀಕ್ಷೆ. ಆರು ತಿಂಗಳು ದೋಣಿಯಲ್ಲೇ ವಾಸ, ದಿನಾ ಮುಳುಗಿ ನೋಡುವ ಕೆಲಸ. ತರಗತಿಯಿಂದ ಒಬ್ಬರಿಗೇ ಜಾಗ, ಅದನ್ನು ನನಗೆ ಕೊಟ್ಟಿದ್ದರು. ಸೋಮವಾರ ಉತ್ತರ ಹೇಳಬೇಕಿತ್ತು. ನನಗೆ ಅದು ಬೇಕೇ ಬೇಕಿತ್ತು. ಅಪ್ಪನ ಬಾಯಿಂದ ಹೂಂ ಅನ್ನಿಸಿಕೊಂಡೇ ಹೋಗಬೇಕು ಅಂತಲೂ ಅಷ್ಟೇ ಆಸೆಯಿತ್ತು. ಕದ್ದು ಹೋಗಲು ನಾನೇನು ತಪ್ಪು ಮಾಡಿದ್ದೆ?

ಅಪ್ಪನಿಗೆ ಫೋನ್ ಮಾಡಿದೆ. “ಹುಲೀನ ಒಂದು ಮಾತು ಕೇಳ್ತೀನಿ. ಅವನಿಗೆ ಅಲ್ಲಿನ ಕಾಡು, ಕಡಲು ಎಲ್ಲ ಗೊತ್ತಲ್ಲ” ಅಂದರು.

ಆ ಭಾನುವಾರ ಹುಲಿಗೆ ಹೊಸ ಹುಕಿ ಬಂತು. ಕಡಲಂಚಿನ ಕಡಿದಾದ ಬಂಡೆ ಹತ್ತುವುದನ್ನು ಮನೆಗೆ ನೇರ ಪ್ರಸಾರ ಮಾಡಬೇಕಂತೆ. ಅಲ್ಲಿ ಎಲ್ಲರೂ ವಿಡಿಯೋ ಕಾಲ್ ಮುಂದೆ ಸಾಲಾಗಿ ಕೂತರು. ನಾನು ಎಂದಿನಂತೆ ಮೊದಲೇ ಹತ್ತಿ ತುದಿಯಲ್ಲಿ ಕೂತು, ಅವನ ಫೋನನ್ನು ಕೆಳಮುಖವಾಗಿ ಹಿಡಿದೆ. ಹುಲಿ ಕೈ ಬೀಸಿ ಏರತೊಡಗಿತು. ಮುಕ್ಕಾಲು ದಾರಿ ಬಂದದ್ದೇ ಒಮ್ಮೆ ಕೆಳಗೆ ನೋಡಿತು. ಅಲ್ಲಿಗೆ ಮುಗಿಯಿತು. ಬಂಡೆಯನ್ನು ತಬ್ಬಿಕೊಂಡು ಗಡಗಡ ನಡುಗತೊಡಗಿತು.

“ಅಕ್ಕಾ,” ಅಂದ. “ಕೈ ಕೊಡೇ ಅಕ್ಕಾ, ಸತ್ತೋಗ್ತೀನಿ.”

ಫೋನನ್ನು ಪಕ್ಕದ ಕಲ್ಲಿಗೆ ಒರಗಿಸಿ ಬಗ್ಗಿದೆ. ಈಗ ಮನೆಯವರಿಗೆ ಕಾಣುತ್ತಿದ್ದವಳು ನಾನು.

“ಫೋನ್ ಸರಿಯಾಗಿ ಹಿಡ್ಕೊಳಮ್ಮ,” ಚಿಕ್ಕಮ್ಮನ ದನಿ. “ನೀನೇ ಅಡ್ಡ ಬರ್ತಿದೀಯಾ, ಹುಲಿ ಕಾಣ್ತಾನೇ ಇಲ್ಲ.”

“ನೀನು ಅಲ್ಲಿಗೆ ಯಾವಾಗ ಹತ್ತಿದೆ?” ಅಪ್ಪ ಕೇಳಿದರು.

ಉತ್ತರ ಕೊಡಲು ಪುರುಸೊತ್ತೆಲ್ಲಿತ್ತು? ಎರಡೂ ಕೈಯಿಂದ ಅವನ ಮಣಿಕಟ್ಟು ಹಿಡಿದು ಎಳೆದೆ. ಅಕ್ಕಿ ಮೂಟೆಯ ಹಾಗೆ ಉಜ್ಜಿಕೊಂಡು ಮೇಲೆ ಬಂದ.

ಉಸಿರು ತಿರುಗಿದ ಮೇಲೆ ಹುಲಿ ತಲೆಗೂದಲು ಸರಿಮಾಡಿಕೊಂಡು ಫೋನೆತ್ತಿಕೊಂಡ. ಆ ಕಡೆ ಚಪ್ಪಾಳೆಯೋ ಚಪ್ಪಾಳೆ. ಅದು ಮುಗಿದ ಮೇಲೆ ಅಪ್ಪ ಕೇಳಿಯೇಬಿಟ್ಟರು: “ನೀನು ಹೇಳಪ್ಪ, ಇವಳನ್ನ ಆ ದ್ವೀಪಗಳಿಗೆ ಕಳಿಸಬಹುದಾ?”

ನಾನು ಅವನ ಮುಖವನ್ನೇ ನೋಡಿದೆ. ತರಚಿದ ಅಂಗೈ ಇನ್ನೂ ಉರಿಯುತ್ತಿತ್ತು.

“ಬೇಡ ದೊಡ್ಡಪ್ಪ,” ಅಂದ, ಭಾರೀ ಗಂಭೀರವಾಗಿ. “ಈ ಕಡೆ ಜಾಗ ಎಲ್ಲ ತುಂಬಾ ಅಪಾಯ. ನನಗೇ ಇಷ್ಟು ಕಷ್ಟ ಆಯ್ತು ಅಂದ್ಮೇಲೆ ಇವಳ ಕೈಲಿ ಆಗುತ್ತಾ?”

ನನಗೆ ಮೈಯೆಲ್ಲ ಉರಿದುಹೋಯಿತು. ಫೋನ್ ಕಿತ್ತುಕೊಂಡೆ. “ಅಪ್ಪ, ನಾನು ಹೋಗ್ತೀನಿ. ನೀವು ಹೂಂ ಅಂದ್ರೆ ನಗ್ತಾ ಹೋಗ್ತೀನಿ, ಇಲ್ಲಾಂದ್ರೆ ಅಳ್ತಾ ಹೋಗ್ತೀನಿ” ಅಂದು ಕಾಲ್ ಕಟ್ ಮಾಡಿ, ಫೋನನ್ನು ಅವನ ಮಡಿಲಿಗೆ ಹಾಕಿ ಇಳಿಯತೊಡಗಿದೆ.

“ಲೇ, ನಾನು ಹೆಂಗೆ ಇಳೀಲಿ?” ಅಂದ.

“ತುಂಬಾ ಅಪಾಯ ಕಣೋ. ನನ್ನ ಕೈಲಿ ಆಗುತ್ತಾ?”

ಕೆಳಗಿಳಿದು ಕಡಲತೀರದ ಕಾವಲಿನವರಿಗೆ ಹೇಳಿದೆ. ಅವರು ಹಗ್ಗ ತಂದು ಅವನನ್ನು ಇಳಿಸುವಷ್ಟರಲ್ಲಿ ಸಂಜೆಯಾಗಿತ್ತು.

ಬಸ್ಸಿನಲ್ಲಿ ನನ್ನ ಫೋನ್ ತೆಗೆದು ನೋಡಿದೆ. ಗುಂಪಿನಲ್ಲಿ ಚಿಕ್ಕಮ್ಮ ಬರೆದಿದ್ದರು: “ಸೂರ್ಯ ಮುಳುಗೋವರೆಗೂ ತುದಿ ಬಿಟ್ಟು ಇಳಿಯಲೇ ಇಲ್ಲವಂತೆ ನಮ್ಮ ಹುಲಿ.” ಕೆಳಗೆ ಸೋದರತ್ತೆಯಿಂದ ಹಿಡಿದು ಭಾವನವರೆಗೆ ಎಲ್ಲರ ಮೆಚ್ಚುಗೆ. ಅಪ್ಪನದು ಮಾತ್ರ ಇರಲಿಲ್ಲ.

ಅಪ್ಪನ ಸಂದೇಶ ನನಗೊಬ್ಬಳಿಗೇ ಬಂದಿತ್ತು. “ನೀನು ಅವನನ್ನ ಎಳೆದಿದ್ದು ನೋಡಿದೆ. ದೋಣಿ ಯಾವತ್ತು?”

ಬಸ್ಸಿನ ತುಂಬ ಜನವಿದ್ದರು. ಆದರೂ ಅಳು ತಡೆಯಲಾಗಲಿಲ್ಲ.