ಕೊನೆಯ ಕೋಣೆಯ ಬೀಗದಕೈ

ಹೆಬ್ಬಗೋಡಿಯ ಆ ವಠಾರಕ್ಕೆ ನೀರು ಬರುವುದು ಎಂಟು ದಿನಕ್ಕೊಮ್ಮೆ, ಅದೂ ನರಸಪ್ಪನ ಟ್ಯಾಂಕರಿನಲ್ಲಿ. ಅದಕ್ಕೇ ಹತ್ತು ಮನೆಯ ಬಾಗಿಲಲ್ಲೂ ಒಂದೊಂದು ನೀಲಿ ಡ್ರಮ್ಮು. ಡೆಂಗಿ ತಡೆಯಲೆಂದು ಆಸ್ಪತ್ರೆಯವರು, ಕಾರ್ಖಾನೆಯವರು, ಟ್ಯಾಂಕರಿನವರು ಕೂಡಿ ಸಮಿತಿ ಮಾಡಿದಾಗ ವಠಾರದ ಪರವಾಗಿ ದೇವಕ್ಕನನ್ನು ಕೂರಿಸಿದರು. ಕುರ್ಚಿಯ ತುದಿಗೆ ಕೂತು, ಚಹಾ ಕುಡಿದು ಎದ್ದು ಬರುತ್ತಿದ್ದಳು. ಬಾಯಿ ಬಿಟ್ಟವಳಲ್ಲ. ಕಿವಿ ಮಾತ್ರ ಚುರುಕು.

ಡ್ರಮ್ಮು ನೋಡುವವರು ಬರುವ ದಿನವೂ ಆ ಕಿವಿಗೆ ಬಿತ್ತು. ಸೊಳ್ಳೆಯ ಹುಳ ಕಂಡರೆ ನೀರು ಚೆಲ್ಲಿ ಹೋಗುತ್ತಾರೆ. ಆಮೇಲೆ ಅನ್ನಕ್ಕಿಡಲು ನೀರೆಲ್ಲಿ?

"ನಾಳಿಗೆ ಬರ್ತಾರ. ಡ್ರಮ್ಮೆಲ್ಲಾ ಕೊನೀ ರೂಮಿಗೆ ಎಳೀರಿ," ಎಂದು ವಠಾರದವರಿಗೆ ಹೇಳಿದಳು. ಖಾಲಿ ಬಿದ್ದ ಆ ಕೋಣೆಯ ಬೀಗದಕೈಯನ್ನು ಮಾಲೀಕ ಅವಳ ಬಳಿಯೇ ಬಿಟ್ಟಿದ್ದ. ಬಂದವರು ಏನೂ ಕಾಣದೆ ಹೋದರು. ಔಷಧಿ ಹೊಡೆಯುವ ಪಟ್ಟಿಯಿಂದ ವಠಾರದ ಹೆಸರೂ ಹೋಯಿತು.

ಹದಿನೈದು ದಿನಕ್ಕೆ ಪಕ್ಕದ ಮನೆ ಹೊಳೆವ್ವನ ಮಗಳಿಗೆ ಡೆಂಗಿ. ಆಸ್ಪತ್ರೆಗೆ ಗಂಜಿ ಒಯ್ದ ದೇವಕ್ಕನಿಗೆ ಹೊಳೆವ್ವ ಹೇಳಿದಳು: "ಸಾಲ್ಯಾಗ ಕಚ್ಚಿರಬೇಕಕ್ಕ. ನಮ್ಮ ಡ್ರಮ್ಮಿನ ಚೊಕ್ಕ ನೀರಾಗ ಸೊಳ್ಳಿ ಎಲ್ಲಿಂದ ಬರಬೇಕು?"

ಈ ಸೊಳ್ಳೆ ಹುಟ್ಟುವುದೇ ಚೊಕ್ಕ ನೀರಿನಲ್ಲಿ. ಸಭೆಯಲ್ಲಿ ಆಸ್ಪತ್ರೆಯ ಡಾಕ್ಟರಮ್ಮ ಸ್ಫೂರ್ತಿ ಮೂರು ಸಲ ಹೇಳಿದ್ದರು. ವಠಾರದಲ್ಲಿ ಅದನ್ನು ಕೇಳಿಸಿಕೊಂಡವಳು ಒಬ್ಬಳೇ. ಗಂಜಿಯ ಡಬ್ಬಿ ಅಲ್ಲಿಟ್ಟು, ಕೂಸಿನ ಮುಖ ನೋಡಲಾರದೆ ದೇವಕ್ಕ ಹೊರಬಂದಳು.

ಮುಂದಿನ ಸಭೆಯಲ್ಲಿ ಕಾರ್ಖಾನೆಯ ರುದ್ರೇಶ್ ಹಾರ ತರಿಸಿದ್ದ. "ಒಂದೇ ಒಂದು ಹುಳಾನೂ ಸಿಗದ ವಠಾರ ಸಾರ್! ದೇವಕ್ಕ, ಎದ್ದೇಳಿ."

ಎದ್ದಳು. ಸೊಂಟದಿಂದ ಬೀಗದಕೈ ತೆಗೆದು ಮೇಜಿನ ಮೇಲಿಟ್ಟಳು. "ಅವತ್ತ ಹುಳದ ಡ್ರಮ್ಮೆಲ್ಲಾ ಈ ರೂಮಿನ್ಯಾಗಿದ್ದುವ್ರಿ. ಮುಚ್ಚಿಟ್ಟಾಕಿ ನಾನ."

"ಭಲೇ ಮೆಂಬರು ಕಣ್ರೀ!" ಎಂದು ನರಸಪ್ಪ ನಕ್ಕ. ಬೇರೆ ಯಾರೂ ನಗಲಿಲ್ಲ.

ಡಾಕ್ಟರ್ ಸ್ಫೂರ್ತಿ ಕೇಳಿದರು, "ನಮಗೊಂದು ಮಾತು ಹೇಳಬಾರ್ದಿತ್ತಾ ಅಮ್ಮಾ?"

"ಹೇಳಿದ್ರ ಚೆಲ್ಲಿದ ನೀರಿಗೆ ಬದಲಿ ನೀರು ಕೊಡ್ತಿದ್ರೇನ್ರಿ?"

ಅಲ್ಲಿಯವರೆಗೂ ಯಾರೂ ಅದನ್ನು ಯೋಚಿಸಿರಲಿಲ್ಲ. ನರಸಪ್ಪನ ನಗುವೂ ನಿಂತಿತು. "ಸೋಮವಾರ ಗಾಡಿ ಮೊದ್ಲು ಅಲ್ಲಿಗೇ ತರ್ತೀನಿ. ಚೆಲ್ಲಿ, ತೊಳೀರಿ, ತುಂಬ್ಕೊಳ್ಳಿ," ಎಂದ. ವಾರದ ನಡುವೆ ಕಾರ್ಖಾನೆಯ ಬೋರಿನಿಂದ ಇನ್ನೊಂದು ಗಾಡಿ ನೀರು ಕೊಡಲು ರುದ್ರೇಶ್ ಒಪ್ಪಿದ. ಔಷಧಿಯವರು ಆ ಸಂಜೆಯೇ ಹೊರಟರು. ಹಾರ ಪೊಟ್ಟಣದಲ್ಲೇ ಉಳಿಯಿತು.

ದೇವಕ್ಕ ನೆಟ್ಟಗೆ ಆಸ್ಪತ್ರೆಗೆ ಹೋದಳು. ಜ್ವರ ಇಳಿದಿತ್ತು, ಕೂಸು ಬಿಸ್ಕತ್ತು ಕಡಿಯುತ್ತಿತ್ತು. ನಿಂತುಕೊಂಡೇ ಎಲ್ಲ ಹೇಳಿದಳು.

ಹೊಳೆವ್ವ ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಕೆಳಗಿಟ್ಟು, "ಡ್ರಮ್ಮು ನಾನೂ ಎಳದೀನಲ್ಲ," ಎಂದಳು.

"ನಿನಗ ಗೊತ್ತಿರಲಿಲ್ಲ. ನನಗ ಗೊತ್ತಿತ್ತು."

ಹೊಳೆವ್ವ ಮಗಳ ಕಡೆ ತಿರುಗಿ ಹೊದಿಕೆ ಸರಿಮಾಡಿದಳು. ಮುಖ ತಿರುಗಿಸದೆಯೇ ಅಂದಳು: "ಸೋಮವಾರ ನನ್ನ ಡ್ರಮ್ಮು ನೀನ ತಿಕ್ಕು. ತಳಾ ಬಿಡದಂಗ ತಿಕ್ಕು."

ಸೋಮವಾರ ದೇವಕ್ಕ ಅದನ್ನೇ ಮೊದಲು ಉರುಳಿಸಿದಳು. ಭುಜದವರೆಗೆ ಕೈ ಇಳಿಸಿ ತಿಕ್ಕಿದಳು, ತೊಳೆದಳು. ಮತ್ತೆ ತಿಕ್ಕಿದಳು.